ಹತ್ತನೆಯ ಕಾರಣ

"ಇನ್ನೂ ಸ್ವಲ್ಪ ಆಳಕ್ಕೆ ಹೋಗ್ಲಿ ಯಜಮಾನ್ರೇ, ಫೋಟೋದಲ್ಲಿ ಮಣ್ಣಿನ ದಪ್ಪ ಕಾಣ್ಬೇಕು," ಎಂದರು ಕೃಷಿ ಅಧಿಕಾರಿಗಳು, ಹೊಲದ ಅಂಚಿನಲ್ಲಿ ಕೊಡೆ ಬಿಚ್ಚಿಕೊಂಡು ನಿಂತು.

ಗುಂಡಿಯೊಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆವರುತ್ತಿದ್ದವನು ಈ ವರ್ಷದ ಮಾದರಿ ರೈತ. ಸುತ್ತಮುತ್ತ ಯಾರೂ ಕಾಣದಷ್ಟು ಜೋಳ ಬೆಳೆದು ಪ್ರಶಸ್ತಿ ಹೊಡೆದಿದ್ದ. ಇಲಾಖೆಯವರು ಅವನ ಹೊಲದ ಮೇಲೆ ಒಂದು ಪುಸ್ತಿಕೆಯನ್ನೇ ತರುತ್ತಿದ್ದರು: 'ಅಧಿಕ ಇಳುವರಿಗೆ ಹತ್ತು ಕಾರಣಗಳು'. ಒಂಬತ್ತು ಆಗಲೇ ತಯಾರಿದ್ದವು. ಒಳ್ಳೆ ಬೀಜ, ಹದವಾದ ಗೊಬ್ಬರ, ಹೊತ್ತಿಗೆ ಸರಿಯಾಗಿ ಬಿತ್ತನೆ, ಕಳೆ ತೆಗೆಯುವುದು, ಹೀಗೆ ಯಾವ ಪುಸ್ತಿಕೆಯಲ್ಲಾದರೂ ಇರುವಂಥವೇ. ಒಂಬತ್ತನೆಯದನ್ನು ಮಾತ್ರ ಮಾದರಿ ರೈತ ತಾನೇ ಖುದ್ದಾಗಿ ಸೇರಿಸಿದ್ದ: ಸೂರ್ಯ ಹುಟ್ಟುವ ಮೊದಲೇ ಏಳುವುದು. ಅದನ್ನು ಅಧಿಕಾರಿಗಳು ಓದಿ ಹೇಳಿದಾಗ ಅವನ ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದ್ದಳು.

"ಹತ್ತನೇದು ಏನು ಹಾಕೋಣ?" ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು.

"ನನ್ನ ಕೈಗುಣ ಅಂತ ಹಾಕಿ ಸಾರ್. ನಾವೇ ಹೇಳ್ಕೋಬಾರ್ದು, ಆದ್ರೂ ಇರೋದು ಇದ್ದೇ ಇದೆಯಲ್ಲ."

ಅಷ್ಟರಲ್ಲಿ ಇಳಿಜಾರಿನ ಮೇಲಿಂದ ಅವನ ಅಕ್ಕ ಇಳಿದು ಬಂದಳು. ಕಂಕುಳಲ್ಲಿ ಖಾಲಿ ಬುಟ್ಟಿ, ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಒಂದು ಕಾಗದ. ಮೇಲಿನ ಹೊಲ ಅವಳದು. ಅಪ್ಪ ಪಾಲು ಮಾಡಿಕೊಟ್ಟಾಗ ಇಡೀ ಇಳಿಜಾರಿನ ಮಣ್ಣು ಒಂದೇ ಬಣ್ಣದ್ದಾಗಿತ್ತು. ಈಗ ಕೆಳಗೆ ತಮ್ಮನ ಜೋಳ ಆಳೆತ್ತರ ನಿಂತಿದ್ದರೆ, ಮೇಲೆ ಅವಳ ಹೊಲದಲ್ಲಿ ಕಲ್ಲುಗಳು ಹಲ್ಲು ಕಿರಿಯುತ್ತಿದ್ದವು. ಕೈಯಲ್ಲಿದ್ದದ್ದು ಎರಡೂ ಹೊಲಗಳ ನಡುವೆ ಕಲ್ಲಿನ ಬದು ಹಾಕಿಕೊಡಿ ಎಂದು ಇಲಾಖೆಗೆ ಬರೆದ ಅರ್ಜಿ. ಎಲ್ಲೆಯ ಮೇಲಿನ ಬದುವಿಗೆ ಇಬ್ಬರ ಸಹಿಯೂ ಬೇಕು. ಅವಳ ಸಹಿ ಬಿದ್ದು ಮೂರು ವರ್ಷವಾಗಿತ್ತು. ತಮ್ಮನಿಗೆ ಮೊದಲ ವರ್ಷ ಕನ್ನಡಕ ಸಿಕ್ಕಿರಲಿಲ್ಲ, ಎರಡನೆಯ ವರ್ಷ ಪೆನ್ನು.

"ಸಾಹೇಬ್ರು ಇದ್ದಾಗ್ಲೇ ಒಂದು ಸಹಿ ಹಾಕ್ಬಿಡೋ," ಎಂದಳು ಅಕ್ಕ. "ಈ ಮಳೆಗಾಲಾನೂ ಹೀಗೇ ಕಳೆದ್ರೆ ಮುಂದಿನ ವರ್ಷ ನಾನು ಬಂಡೆ ಮೇಲೆ ಬಿತ್ಬೇಕು."

"ಬದು ಹಾಕಿದ್ರೆ ಎರಡಡಿ ಜಾಗ ದಂಡ ಕಣಕ್ಕ. ಅಲ್ದೆ ನೆಲ ಅಂದ್ಮೇಲೆ ಉಸಿರಾಡ್ಬೇಕು. ಬೆಳೆ ಬರೋದು ಬದುವಿಂದ ಅಲ್ಲ, ದುಡಿಮೆಯಿಂದ. ನೀನು ಸ್ವಲ್ಪ ಬೇಗ ಏಳೋದು ಕಲಿ."

ಬೆಳಗಿನಿಂದ ಎಂಟು ಬುಟ್ಟಿ ಕಲ್ಲು ಆರಿಸಿ ಹಾಕಿ ಬಂದಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ಅಧಿಕಾರಿಗಳು ಮಾತ್ರ, "ಉಸಿರಾಡ್ಬೇಕು! ಚೆನ್ನಾಗಿದೆ," ಎಂದು ತಲೆದೂಗಿ ಬರೆದುಕೊಂಡರು.

ಆಗ ಗುದ್ದಲಿ ಠಣ್ಣೆಂದಿತು.

"ಏನ್ರೀ ಅದು, ನಿಧಿನಾ?" ಅಧಿಕಾರಿಗಳು ಕೊಡೆಸಮೇತ ಬಗ್ಗಿದರು. ಮಾದರಿ ರೈತ ಕೆದಕಿ ಕೆದಕಿ ಎಳೆದದ್ದು ತುಕ್ಕು ಹಿಡಿದ ಒಂದು ಕುಡುಗೋಲು. ಹಿಡಿಗೆ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿತ್ತು. ಅದನ್ನು ಕಂಡದ್ದೇ ತಡ, ಅಕ್ಕ ಬಗ್ಗಿ ಅವನ ಕೈಯಿಂದ ಕಿತ್ತುಕೊಂಡಳು.

"ಇದು ನಂದು. ಈ ತಂತಿ ನಾನೇ ಸುತ್ತಿದ್ದು. ಐದು ವರ್ಷದ ಹಿಂದೆ ನನ್ನ ಹೊಲದಲ್ಲೇ ಮರೆತು ಹೋಗಿದ್ದೆ. ಆವತ್ತು ಜೋರು ಮಳೆ. ಮಾರನೇ ದಿನ ಬಂದು ನೋಡಿದ್ರೆ ಇಲ್ಲ. ನಿನ್ನ ಹೆಂಡ್ತೀನೇ ಎತ್ಕೊಂಡಿದಾಳೆ ಅಂತ ಒಂದು ವರ್ಷ ಅವಳ ಜೊತೆ ಮಾತು ಬಿಟ್ಟಿದ್ನಲ್ಲೋ! ಪಾಪ."

"ಯಾರೋ ನನ್ನ ಕಂಡ್ರೆ ಆಗ್ದೋರು ತಂದು ಹೂತಿರ್ಬೇಕು," ಎಂದ ಮಾದರಿ ರೈತ, ಮುಖ ಒರೆಸಿಕೊಳ್ಳುತ್ತಾ.

"ಯಾರೂ ಹೂತಿಲ್ಲ. ಅದೊಂದೇ ಬಂದಿಲ್ಲ, ನನ್ನ ಹೊಲದ ಮಣ್ಣಿನ ಜೊತೆ ಬಂದಿದೆ. ನೀವೇ ನೋಡಿ ಸಾಹೇಬ್ರೇ, ಮೊಣಕಾಲುದ್ದ ಮಣ್ಣಿನಡಿ ಇತ್ತು. ಹತ್ತನೇ ಕಾರಣ ಬೇಕಿತ್ತಲ್ಲ ನಿಮ್ಗೆ? ಬರ್ಕೊಳ್ಳಿ. ಮೇಲಿನ ಹೊಲದಲ್ಲಿ ಒಬ್ಳು ಅಕ್ಕ ಇರ್ಬೇಕು, ನಡುವೆ ಬದು ಇರ್ಬಾರ್ದು."

ಅಧಿಕಾರಿಗಳು ಮೇಲಿನ ಕಲ್ಲು ನೋಡಿದರು, ಕೆಳಗಿನ ಜೋಳ ನೋಡಿದರು, ಗುಂಡಿಯ ಗೋಡೆಯಲ್ಲಿ ಪದರ ಪದರವಾಗಿ ಕೂತಿದ್ದ ಕಪ್ಪು ಮಣ್ಣು ನೋಡಿದರು. ಓದಿದವರು, ಅರ್ಥವಾಗದೆ ಏನು? ಬೇಕಾದ್ದಕ್ಕಿಂತ ಹೆಚ್ಚೇ ಅರ್ಥವಾಯಿತು.

"ಇದನ್ನ ಪುಸ್ತಿಕೇಲಿ ಹಾಕೋಕಾಗಲ್ಲಮ್ಮ," ಎಂದರು ಮೆಲ್ಲಗೆ. "ಮೊದಲಿನ ಒಂಬತ್ತೂ ಬಿದ್ದುಹೋಗ್ತವೆ."

"ಬೇಡ ಬಿಡಿ. ನನ್ನ ಅರ್ಜಿ?"

"ಪ್ರಶಸ್ತಿ ಸಮಾರಂಭ ಒಂದು ಮುಗೀಲಿ. ಆಮೇಲೆ ಕೂತು ಮಾತಾಡೋಣ." ಅರ್ಜಿಯನ್ನು ಇಸಿದುಕೊಂಡು ಇನ್ನೂ ಒಂದು ಮಡಿಕೆ ಮಡಚಿ ಜೇಬಿಗೆ ತುರುಕಿದರು. ಆಮೇಲೆ ಹಾಳೆಯ ಕೊನೆಯಲ್ಲಿ ಹತ್ತು ಎಂದು ಹಾಕಿ, ಮುಂದೆ 'ಕೈಗುಣ' ಎಂದು ದುಂಡಗೆ ಬರೆದರು. ಮಾದರಿ ರೈತ ಅಂಗಿ ಕೊಡವಿಕೊಂಡು ಫೋಟೋಕ್ಕೆ ನಿಂತ.

ಅಕ್ಕ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು. ಗುಂಡಿಯ ಪಕ್ಕ ರಾಶಿ ಬಿದ್ದಿದ್ದ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಬುಟ್ಟಿ ತುಂಬಿಸಿ, ತಲೆಯ ಮೇಲಿಟ್ಟುಕೊಂಡು, ಏರು ಹತ್ತತೊಡಗಿದಳು.

"ಅಕ್ಕಾ! ಎಲ್ಲಿಗೆ ಹೊತ್ಕೊಂಡು ಹೋಗ್ತಿದೀಯ? ಅದು ನನ್ನ ಹೊಲದ ಮಣ್ಣು!"

ಅವಳು ತಿರುಗಲಿಲ್ಲ.

"ಹೆದರ್ಬೇಡ ಕಣೋ. ಮೊದಲನೇ ಮಳೆಗೇ ವಾಪಸ್ ಬರುತ್ತೆ."