ಉಳಿದ ಕೋಶ

ಸೂಕ್ಷ್ಮದರ್ಶಕದ ಕೆಳಗೆ ಸೀ ಅರ್ಚಿನ್ನಿನ ಭ್ರೂಣವೊಂದು ಎರಡು ಕೋಶಗಳಾಗಿ ಒಡೆದು ನಿಂತಿತ್ತು. ಕಡಲ ತಳದ ಆ ಮುಳ್ಳುಚೆಂಡಿನ ಬದುಕು ಶುರುವಾಗುವುದೇ ಹೀಗೆ. ಕ್ಯಾಲ್ಸಿಯಂ ತೆಗೆದ ಸಮುದ್ರದ ನೀರಿನಲ್ಲಿ ಅವಳು ಅದನ್ನು ಮೆಲ್ಲಗೆ ಅಲುಗಿಸಿದಳು. ಎರಡೂ ಬೇರೆಯಾದವು. ಮನಸ್ಸು ಮರಗಟ್ಟಿದ್ದರೂ ಬೆರಳುಗಳಿಗೆ ಕೆಲಸ ಮರೆತಿರಲಿಲ್ಲ.

ರಸಾಯನ ವಿಭಾಗದ ಗೆಳತಿ ಚಹಾ ತಂದಿದ್ದಳು.

"ಮೃದುಲಾ ತೀರಿಹೋಗಿ ಇನ್ನೂ ವಾರ ಆಗಿಲ್ಲ. ಅವಳಿ ಅಕ್ಕ ಕಣೇ ನಿಂಗೆ. ಮನೇಲಿರಬಾರದಿತ್ತಾ?"

"ಮನೇಲಿ ಕೂತು ಏನು ಮಾಡ್ಲಿ?"

ಗೆಳತಿ ಮಾತು ಬದಲಿಸಲೆಂದು ಬಗ್ಗಿ ನೋಡಿದಳು. "ಈಗ ಒಂದೊಂದೂ ಅರ್ಧರ್ಧ ಮರಿ ಆಗುತ್ತಾ?"

"ಇಲ್ಲ. ಅಂಟಿಕೊಂಡಿದ್ರೆ ಒಂದೊಂದೂ ಅರ್ಧ ಮೈ ಕಟ್ಟುತ್ತೆ. ಬೇರೆ ಮಾಡಿದ್ರೆ ಒಂದೊಂದೇ ಪೂರ್ತಿ ಮರಿ ಆಗುತ್ತೆ. ಸ್ವಲ್ಪ ಸಣ್ಣದು, ಅಷ್ಟೆ."

"ಇನ್ನೊಂದಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಪಕ್ಕದಿಂದ ಸುದ್ದಿ ಬರೋದು ನಿಂತುಹೋಗುತ್ತಲ್ಲ."

ಮೇಜಿನ ಮೇಲಿದ್ದ ಅವಳ ಫೋನ್ ಬಡಿದುಕೊಂಡಿತು. ಆಸ್ಪತ್ರೆಯಿಂದ ಅಮ್ಮ.

"ಊಟ ಆಯ್ತಮ್ಮಾ. ನೀನು ಮಾತ್ರೆ ತಗೊಂಡ್ಯಾ? ಅಕ್ಕಾನಾ? ಏನೋ ಕೆಲಸದಲ್ಲಿದ್ದಿರಬೇಕು. ಈಗ ಮಾಡಿ ನೋಡು, ತೆಗೀತಾಳೆ."

ಗೆಳತಿ ಬಾಯಿಗೆತ್ತಿದ ಲೋಟವನ್ನು ಹಾಗೆಯೇ ಕೆಳಗಿಟ್ಟಳು.

ಅವಳು ಕರೆ ಮುಗಿಸಿದ ಮರುಗಳಿಗೆಯೇ ಕೈಚೀಲದೊಳಗೆ ಇನ್ನೊಂದು ಫೋನ್ ರಿಂಗಾಯಿತು. ಅದನ್ನು ಹೊರತೆಗೆದು, ಗಂಟಲು ಸರಿಮಾಡಿಕೊಂಡು, ಅಕ್ಕ ನಗುತ್ತಿದ್ದ ಹಾಗೇ ಒಮ್ಮೆ ನಕ್ಕು ಹೇಳಿದಳು: "ನಾನೇ ಕಣಮ್ಮಾ, ಮೃದುಲಾ."