ಹೆಸರಿಗೆ ಖಾಲಿ ಜಾಗ

ರಕ್ತಪರೀಕ್ಷೆಯ ಲ್ಯಾಬಿನಿಂದ ರೋಗಿಗಳ ಮೊಬೈಲಿಗೆ ಹೋಗುವ ಸಂದೇಶಗಳನ್ನೆಲ್ಲ ಬರೆಯುವವನು ನಾನೇ. ಹೆಸರಿನ ಜಾಗ ಖಾಲಿ ಬಿಟ್ಟು ಒಕ್ಕಣೆ ಕಳಿಸಿದರೆ ಮೆಸೇಜ್ ಕಂಪನಿಯವರು ಓದಿ ಒಪ್ಪಿಗೆ ಕೊಡಬೇಕು. ಆಮೇಲಷ್ಟೇ ಕಂಪ್ಯೂಟರು ಅದನ್ನು ಊರಿಗೆಲ್ಲ ಹಂಚುತ್ತದೆ. ನನ್ನ ಒಕ್ಕಣೆಯನ್ನು ಬೇಡ ಎನ್ನುವ ಪುಣ್ಯಾತ್ಮ ಈ ಭೂಮಂಡಲದಲ್ಲೇ ಹುಟ್ಟಿಲ್ಲ. ಮೊನ್ನೆ ಬರೆದದ್ದಂತೂ ಬಂಡೆಗಲ್ಲನ್ನೂ ಬೆವರಿಸುವಂಥದ್ದು: 'ಪ್ರಿಯ ......, ನಿಮ್ಮ ವರದಿ ಬಂದಿದೆ. ಮನೆಯವರನ್ನು ಕರೆದುಕೊಂಡು ಇಂದೇ ಡಾಕ್ಟರನ್ನು ಕಾಣಿರಿ.'

ಇವತ್ತು ಊಟಕ್ಕೆ ಕೂತಾಗ ಅದೇ ಸಂದೇಶ ನನ್ನ ಮೊಬೈಲಿಗೇ ಬಂತು. ಖಾಲಿ ಜಾಗದಲ್ಲಿ ನನ್ನ ಹೆಸರು! ಹೋದ ವಾರ ನಾನೂ ಪರೀಕ್ಷೆಗೆ ರಕ್ತ ಕೊಟ್ಟಿದ್ದೆ. ನನ್ನ ಎದೆಬಡಿತಕ್ಕೆ ತಟ್ಟೆಯಲ್ಲಿದ್ದ ಅನ್ನವೇ ಕುಣಿಯಿತು. ಆಮೇಲೆ ನೆನಪಾಯಿತು: ಒಪ್ಪಿಗೆಯಾದ ಹೊಸ ಸಂದೇಶವನ್ನು ಮೊದಲು ಬರೆದವನಿಗೇ ಕಳಿಸಿ ನೋಡುವುದು ನಮ್ಮ ಲ್ಯಾಬಿನ ರೂಢಿ. ಕೂಡಲೇ ಕಂಪ್ಯೂಟರ್ ನೋಡಿಕೊಳ್ಳುವ ವಿಮಲಾಕ್ಷಿಗೆ ಫೋನ್ ಮಾಡಿದೆ.

"ಏನ್ರೀ ಮೇಡಂ, ಟೆಸ್ಟ್ ಮಾಡೋಕೆ ನನ್ ಜೀವಾನೇ ಬೇಕಿತ್ತಾ? ಮುಂಚೆ ಒಂದ್ಮಾತು ಹೇಳ್ಬಾರ್ದಾ?"

"ಯಾವ ಟೆಸ್ಟು ಸಾರ್?"

"ಅದೇ ಕಣ್ರೀ, ಮೊನ್ನೆ ನಾನು ಬರೆದಿದ್ದು. ಒಪ್ಪಿಗೆ ಬಂತಲ್ಲ!"

ಆ ಕಡೆಯಿಂದ ಅವಳು ಕೀಬೋರ್ಡ್ ಕುಟ್ಟುವ ಸದ್ದಷ್ಟೇ ಕೇಳಿಸಿತು.

"ಏನಾದ್ರೂ ಹೇಳ್ರೀ, ಹೆದರಿಸ್ಬೇಡಿ."

"ಜನ ಹೆದರ್ಕೋತಾರೆ ಅಂತ ಕಂಪನಿಯೋರು ಅದನ್ನ ನಿನ್ನೇನೇ ರಿಜೆಕ್ಟ್ ಮಾಡಿದ್ರು ಸಾರ್. ಇವತ್ತು ನಮ್ಮ ಲ್ಯಾಬ್ ಡಾಕ್ಟ್ರೇ ನಿಮ್ಮ ಒಕ್ಕಣೆ ನೋಡ್ಕೊಂಡು, ಕೈಯಾರೆ ಟೈಪ್ ಮಾಡಿ ಕಳ್ಸಿದ್ರು, ನಿಮಗೊಬ್ಬರಿಗೇ."