ಹದಿನೆಂಟು ಲಕ್ಷದ ಉಳಿತಾಯ

"ವಿಳಾಸ ಬದಲಾಯಿಸಬೇಕು, ಅರ್ಜಿ ತುಂಬಿಕೊಡು," ಎಂದು ತೋರ್ಲೈವ್ ಎದುರಿಗೆ ಕೂತಾಗ ಗುಡ್ವೈಗ್‌ಳ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು.

ನಾರ್ವೆಯ ಆ ದ್ವೀಪದಲ್ಲಿ ಏಳುನೂರು ಜನ. ಊರಿನ ಆಡಳಿತ ನಡೆಯುವುದೇ ಅವರ ಆದಾಯ ತೆರಿಗೆಯ ಪಾಲಿನಿಂದ. ಸಾಲ್ಮನ್ ಮೀನು ಸಾಕಿ ಗಳಿಸಿದ್ದ, ತೇಪೆ ಹಾಕಿದ ಉಣ್ಣೆ ಅಂಗಿಯ ಈ ಮುದುಕನೊಬ್ಬನಿಂದಲೇ ಅದರಲ್ಲಿ ಆರನೇ ಒಂದು ಭಾಗ ಬರುತ್ತಿತ್ತು. ವರ್ಷಕ್ಕೆ ನಲವತ್ತು ಲಕ್ಷ ಕ್ರೋನರ್. ಶಾಲೆ ನಡೆಯುತ್ತಿದ್ದುದು ಅದರಲ್ಲೇ ಎಂದರೂ ತಪ್ಪಿಲ್ಲ. ಆಡಳಿತದ ಹಣಕಾಸು ನೋಡಿಕೊಳ್ಳುವ ಗುಡ್ವೈಗ್‌ಗೆ ಇದು ಬಾಯಿಪಾಠ.

"ಎಲ್ಲಿಗೆ ಹೊರಟಿರಿ? ತೆರಿಗೆ ತಪ್ಪಿಸೋ ಸಾಹುಕಾರರ ಹಾಗೆ ಸ್ವಿಟ್ಜರ್ಲೆಂಡಿಗಾ?" ನಗಲು ನೋಡಿದಳು.

"ಅಲ್ಲೇನಿದೆ ನನಗೆ? ಆಚೆ ದಡಕ್ಕೆ. ಯೂರುನ್ ಅಲ್ಲೇ ಇದಾಳಲ್ಲ."

ಯೂರುನ್ ಅವನ ಹೆಂಡತಿ. ಮರೆವಿನ ಕಾಯಿಲೆ. ಮೇ ತಿಂಗಳಲ್ಲಿ ದ್ವೀಪದ ವೃದ್ಧರ ಆರೈಕೆ ಕೇಂದ್ರ ಮುಚ್ಚಿದಾಗ ಅವಳನ್ನು ಆಚೆ ದಡದ ಊರಿಗೆ ಸಾಗಿಸಿದ್ದರು. ಮುಚ್ಚಿದರೆ ವರ್ಷಕ್ಕೆ ಹದಿನೆಂಟು ಲಕ್ಷ ಉಳಿಯುತ್ತದೆ ಎಂದು ಬರೆದು ಸಹಿ ಹಾಕಿದ್ದವಳು ಗುಡ್ವೈಗ್. ಹೆಂಡತಿಯ ಹಿಂದೆ ಗಂಡನೂ ಹೋಗಬಹುದು ಎಂಬುದು ಅವಳಿಗಾಗಲಿ, ಸಭೆಯಲ್ಲಿ ಕೈ ಎತ್ತಿದವರಿಗಾಗಲಿ ಹೊಳೆದೇ ಇರಲಿಲ್ಲ.

ಅವತ್ತು ಅಕ್ಟೋಬರ್ ಮೂವತ್ತು. ನವೆಂಬರ್ ಒಂದರಂದು ಯಾರು ಎಲ್ಲಿ ವಾಸವೋ, ಬರುವ ವರ್ಷದ ಅವರ ತೆರಿಗೆ ಆ ಊರಿಗೆ.

"ತೋರ್ಲೈವ್, ಒಂದು ವಾರ ತಡೆದು ಹೋದರೆ ಆಗಲ್ವಾ?" ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. "ಹೇಗೂ ದಿನಾ ದೋಣೀಲಿ ಹೋಗಿ ಬರ್ತೀರಿ. ಇನ್ನೊಂದು ವಾರ. ಶಾಲೆ ಒಂದು ವರ್ಷ ಉಳಿಯುತ್ತೆ."

ಅವನು ತನ್ನ ಒರಟು ಅಂಗೈಗಳನ್ನೇ ನೋಡುತ್ತ ಕೂತ. ಅವನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ದೋಣಿ ಆಚೆ ಮುಟ್ಟೋದು ಮಧ್ಯಾಹ್ನ," ಎಂದ. "ಅವಳಿಗೆ ನನ್ನ ನೆನಪಿರೋದು ಬೆಳಿಗ್ಗೆ ಎದ್ದಾಗ, ಒಂದರ್ಧ ಗಂಟೆ. ಹೆಸರು ಹಿಡಿದು ಕರೀತಾಳಂತೆ. ಅಲ್ಲಿನ ನರ್ಸ್ ಹೇಳಿದ್ದು. ನಾನು ಕೇಳಿಸ್ಕೊಂಡಿಲ್ಲ."

ಗುಡ್ವೈಗ್ ಅವತ್ತಿನ ತಾರೀಕನ್ನೇ ಒತ್ತಿ ಅರ್ಜಿ ಕಳಿಸಿದಳು.

ಮುದುಕ ಎದ್ದು ಟೋಪಿ ಹಾಕಿಕೊಂಡ.

"ನಿನ್ನೆ ಮಧ್ಯಾಹ್ನ ಪಕ್ಕದಲ್ಲಿ ಕೂತಿದ್ದೆ. ಮರ್ಯಾದೆಯಿಂದ ಮಾತಾಡಿಸಿದಳು. 'ಪಾಪ, ದಿನಾ ಬರ್ತೀರಿ. ನಿಮ್ಮ ಹೆಂಡತೀನೂ ಇಲ್ಲೇ ಇದಾರಾ?' ಅಂದಳು."